ಕೂಸಿನ ಮನೆಗೆ ಆಟಿಕೆ ಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರಿಗೆ, ಉಪಾಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ (ಪಿಡಿಒ),

ಮಾನ್ಯರೇ, ನಮಸ್ಕಾರ.

ನಾನು ಮೂವತ್ತೊಂದು ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿ ದುಡಿದು ನಿವೃತ್ತಳಾದವಳು. ಈಗ ವಾರಕ್ಕೆ ಮೂರು ನಾಲ್ಕು ದಿನ, ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಕೂಸಿನ ಮನೆಗೆ ಹೋಗಿ ಅಲ್ಲಿನ ಆರೈಕೆದಾರ ಹೆಣ್ಣುಮಕ್ಕಳ ಜೊತೆ ಕೂರುತ್ತೇನೆ. ನನ್ನನ್ನು ಯಾರೂ ನೇಮಿಸಿಲ್ಲ. ಮಕ್ಕಳ ನಡುವೆ ಇದ್ದು ಅಭ್ಯಾಸವಾದ ಜೀವಕ್ಕೆ ಮನೆಯಲ್ಲಿ ಕೈಕಟ್ಟಿ ಕೂರಲು ಆಗುವುದಿಲ್ಲ, ಅಷ್ಟೆ.

ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರು ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ, ಅದರಲ್ಲಿ ಕೂಸನ್ನು ಮಲಗಿಸಿ, ಎರಡು ಪುಟ್ಟಿ ಮಣ್ಣು ಹೊತ್ತ ಮೇಲೆ ಓಡಿ ಬಂದು ನೋಡಿ ಹೋಗುತ್ತಿದ್ದುದನ್ನು ಕಣ್ಣಾರೆ ಕಂಡವಳು ನಾನು. 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ತೆರೆದವು. ಆದರೆ ಅಂಗನವಾಡಿಗೆ ಬಂದು ದಿನವಿಡೀ ಕೂರುವವರು ಮೂರು ವರ್ಷ ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಊರಲ್ಲಿ ಹಗಲು ಹೊತ್ತು ಒಂದು ಸೂರು ಇರಲಿಲ್ಲ. 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುತ್ತೇವೆಂದು ಸರ್ಕಾರ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಈ ಪತ್ರ ಆ ಸಂತೋಷದಿಂದಲೇ ಹುಟ್ಟಿದೆ. ದೂರು ಹೇಳಲು ಬರೆದದ್ದಲ್ಲ.

ನನ್ನ ಕೋರಿಕೆ ಒಂದೇ. ಕೂಸಿನ ಮನೆಗೆ ಆಟಿಕೆ ಕೊಳ್ಳುವಾಗ ಕುರ್ಚಿ, ಬಕೆಟ್, ಟ್ಯೂಬ್‌ಲೈಟ್ ಕೊಳ್ಳುವ ಹಾಗೆ ಕೊಳ್ಳಬೇಡಿ. ಮೂರು ಕೊಟೇಷನ್ ತರಿಸಿ, ಕಡಿಮೆ ದರ ನಮೂದಿಸಿದವರಿಂದ ಒಂದು ಮೂಟೆ ತರಿಸಿ, ಜಮಖಾನದ ಮೇಲೆ ಹರಡಿ ಫೋಟೊ ತೆಗೆಸಿದರೆ ಮುಗಿಯುವ ಖರೀದಿ ಇದಲ್ಲ. ಕುರ್ಚಿ ಚೆನ್ನಾಗಿಲ್ಲದಿದ್ದರೆ ಕೂತವರ ಸೊಂಟ ನೋಯುತ್ತದೆ. ಆಟಿಕೆ ಚೆನ್ನಾಗಿಲ್ಲದಿದ್ದರೆ ಏನಾಗಬಹುದು ಎಂಬುದನ್ನು ನಾನು ಒಂದು ಮಧ್ಯಾಹ್ನ ನೋಡಿದ್ದೇನೆ.

ಊರಿನ ಹೆಸರು ಬೇಡ. ಆ ಕೇಂದ್ರಕ್ಕೆ ಬಂದ ಆಟಿಕೆಗಳಲ್ಲಿ ನಾಲ್ಕು ಮೊಬೈಲ್ ಫೋನುಗಳಿದ್ದವು. ಗುಂಡಿ ಒತ್ತಿದರೆ ಹಾಡು, ಕೆಂಪು ಹಸಿರು ಬೆಳಕು. ಹಿಂದೆ ಬ್ಯಾಟರಿಯ ಮುಚ್ಚಳ. ಆ ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ, ಉಗುರಿನಿಂದ ಒತ್ತಿ ಸರಿಸಿದರೆ ಬಂದುಬಿಡುತ್ತಿತ್ತು. ಹದಿನಾಲ್ಕು ತಿಂಗಳ ಒಂದು ಹೆಣ್ಣುಕೂಸು ಆ ಫೋನನ್ನು ನೆಲಕ್ಕೆ ಎರಡು ಸಲ ಕುಟ್ಟಿತು. ಹಾಡು ನಿಂತಿತು. ಹಾಡು ನಿಂತದ್ದನ್ನು ಗಮನಿಸಿದ ಆರೈಕೆದಾರ ಹುಡುಗಿ ತಿರುಗಿ ನೋಡಿದಳು. ಜಮಖಾನದ ಮೇಲೆ ಮುಚ್ಚಳ ಬಿದ್ದಿತ್ತು, ಪಕ್ಕದಲ್ಲಿ ಎರಡು ಗುಂಡಿ ಬ್ಯಾಟರಿಗಳು ಹೊಳೆಯುತ್ತಿದ್ದವು. ಮೂರನೆಯದರ ಜಾಗ ಖಾಲಿ. ಕೂಸಿನ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಹಲ್ಲು ಬರುವ ವಯಸ್ಸಿನ ಕೂಸಿಗೆ ಜೊಲ್ಲು ಯಾವಾಗಲೂ ಸುರಿಯುತ್ತದೆ, ಆದರೆ ಆ ಹೊತ್ತಿನಲ್ಲಿ ಅದನ್ನು ಹಾಗೆಂದು ಯಾರು ನಂಬುತ್ತಾರೆ? ಆಟೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಓಡಿದೆವು. ತಾಯಿಗೆ ಹೇಳಿಕಳಿಸಿದ್ದರಿಂದ ಆಕೆ ಕೆಲಸದ ಜಾಗದಿಂದ ಗುದ್ದಲಿ ಹಿಡಿದುಕೊಂಡೇ ಬಂದಿದ್ದಳು. ಎಕ್ಸ್‌ರೇ ತೆಗೆದರು. ಹೊಟ್ಟೆಯಲ್ಲಿ, ಗಂಟಲಲ್ಲಿ ಏನೂ ಇರಲಿಲ್ಲ. ಸಂಜೆ ಜಮಖಾನ ಕೊಡವಿದಾಗ ಮೂರನೆಯ ಬ್ಯಾಟರಿ ಅದರ ಮಡಿಕೆಯಿಂದ ಟಣ್ಣೆಂದು ನೆಲಕ್ಕೆ ಬಿತ್ತು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಗುಂಡಿ ಬ್ಯಾಟರಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಾನು ಮಾತಾಡಿಸಿದ ಪಂಚಾಯಿತಿ ಸದಸ್ಯರಲ್ಲಿ ಹೆಚ್ಚಿನವರು 'ನಾಣ್ಯ ನುಂಗಿದ ಹಾಗೆ ತಾನೆ, ಮಲದಲ್ಲಿ ಹೋಗುತ್ತದೆ ಬಿಡಿ' ಎಂದರು. ಹಾಗಲ್ಲ. ಬ್ಯಾಟರಿ ಒಡೆದು ಸೋರಬೇಕಾಗಿಲ್ಲ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಒದ್ದೆ ಗೋಡೆಗೆ ತಾಗಿದರೆ ಸಾಕು, ವಿದ್ಯುತ್ ಹರಿದು ಅಲ್ಲೇ ಸುಣ್ಣದಂಥ ಕ್ಷಾರ ಹುಟ್ಟಿ ಮಾಂಸವನ್ನು ಸುಡುತ್ತದೆ. ಎರಡೇ ಗಂಟೆಯಲ್ಲಿ ಗಂಭೀರ ಗಾಯವಾಗಬಹುದು. ಆಟಿಕೆ ಓಡಿಸಲಾಗದಷ್ಟು ಸವೆದ ಹಳೆಯ ಬ್ಯಾಟರಿಗೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. 20 ಮಿಲಿಮೀಟರ್ ಅಗಲದ ಲಿಥಿಯಂ ಬ್ಯಾಟರಿ ಎಲ್ಲಕ್ಕಿಂತ ಅಪಾಯದ್ದು, ಪುಟ್ಟ ಮಕ್ಕಳ ಅನ್ನನಾಳದಲ್ಲಿ ಸಿಕ್ಕಿಕೊಳ್ಳಲು ಅದರ ಅಗಲ ಸರಿಯಾಗಿ ಹೊಂದುತ್ತದೆ. ನುಂಗಿರಬಹುದೆಂಬ ಅನುಮಾನ ಬಂದರೂ ವಾಂತಿ ಮಾಡಿಸಬಾರದು, ಕಾದು ನೋಡಬಾರದು, 108ಕ್ಕೆ ಕರೆ ಮಾಡಿ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೊರಡಬೇಕು. ಒಂದು ವರ್ಷ ತುಂಬಿದ, ನುಂಗಲು ಆಗುತ್ತಿರುವ ಮಗುವಿಗೆ ದಾರಿಯಲ್ಲಿ ಹತ್ತು ಹತ್ತು ನಿಮಿಷಕ್ಕೆ ಎರಡು ಟೀ ಚಮಚ ಜೇನುತುಪ್ಪ ಕೊಟ್ಟರೆ ಸುಡುವುದು ಸ್ವಲ್ಪ ತಗ್ಗುತ್ತದೆ. ಜೇನುತುಪ್ಪ ಹುಡುಕುತ್ತಾ ಹೊರಡುವುದನ್ನು ತಡಮಾಡುವಂತಿಲ್ಲ, ವರ್ಷ ತುಂಬದ ಕೂಸಿಗೆ ಅದನ್ನು ಕೊಡುವಂತೆಯೂ ಇಲ್ಲ. ಈ ಮಾತನ್ನು ದಯವಿಟ್ಟು ನಿಮ್ಮ ಕೂಸಿನ ಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ.

ಈ ವಯಸ್ಸಿನ ಮಗು ಕಂಡದ್ದನ್ನೆಲ್ಲ ಬಾಯಿಗೆ ಹಾಕುವುದು ಕೆಟ್ಟ ಚಾಳಿಯಲ್ಲ. ಕಣ್ಣು ನೋಡಿದ್ದನ್ನು, ಕೈ ಮುಟ್ಟಿದ್ದನ್ನು ಅದು ಬಾಯಿಯಿಂದ ಖಾತ್ರಿ ಮಾಡಿಕೊಳ್ಳುತ್ತದೆ. ತಣ್ಣಗಿದೆಯೇ, ಗಟ್ಟಿಯೇ, ಮೆತ್ತಗಿದೆಯೇ, ಎಲ್ಲ ಗೊತ್ತಾಗುವುದು ನಾಲಿಗೆಗೆ, ವಸಡಿಗೆ. ಹಾಗಾಗಿ ಕೂಸಿನ ಮನೆಯ ಆಟಿಕೆಗೆ ಮೊದಲ ಪರೀಕ್ಷೆ ಬಾಯಿಯದು. ಬಾಯಿಗೆ ಹೋದರೂ ಗಂಟಲಿಗೆ ಇಳಿಯದಷ್ಟು ದೊಡ್ಡದಿರಬೇಕು. ಎಷ್ಟು ದೊಡ್ಡದು? ಅದಕ್ಕೂ ಅಳತೆ ಇದೆ. ಆಟಿಕೆಗಳ ಸುರಕ್ಷತೆ ಪರೀಕ್ಷಿಸುವವರು 31.7 ಮಿಲಿಮೀಟರ್ ಅಗಲದ, ಅತಿ ಆಳದ ಕಡೆ 57.1 ಮಿಲಿಮೀಟರ್ ಇರುವ ಒಂದು ಕೊಳವೆ ಇಟ್ಟುಕೊಂಡಿರುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವ ವಸ್ತುವೂ, ಆಟಿಕೆಯಿಂದ ಕಿತ್ತುಬರುವ ಯಾವ ತುಂಡೂ ಮೂರು ವರ್ಷದೊಳಗಿನವರ ಕೈಗೆ ಸಲ್ಲದು.

ಆ ಕೊಳವೆಯನ್ನು ನೀವು ಪ್ರಯೋಗಾಲಯದಿಂದ ತರಿಸಬೇಕಾಗಿಲ್ಲ. ನಿಮ್ಮ ಪಂಚಾಯಿತಿಯ ನೀರುಗಂಟಿಯ ಬಳಿ ಒಂದೂವರೆ ಇಂಚಿನ ಪೈಪಿನ ತುಂಡುಗಳು ಬಿದ್ದಿರುತ್ತವೆ. ಎರಡೂವರೆ ಇಂಚು ಉದ್ದಕ್ಕೆ ಒಂದು ತುಂಡು ಕತ್ತರಿಸಿ, ಅಂಚನ್ನು ಉಜ್ಜಿಸಿ ಕೊಡಿ. ಅದು ಪರೀಕ್ಷೆಯ ಕೊಳವೆಗಿಂತ ಸ್ವಲ್ಪ ಅಗಲವೇ ಇರುತ್ತದೆ, ಇರಲಿ, ಪರೀಕ್ಷೆ ಬಿಗಿಯಾದಷ್ಟೂ ಒಳ್ಳೆಯದು. ನಾನು ನನ್ನ ಚೀಲದಲ್ಲಿ ಅಂಥದ್ದೊಂದನ್ನು ಇಟ್ಟುಕೊಂಡಿದ್ದೇನೆ. ಒಂದು ದಿನ ಕೇಂದ್ರದ ಆಟಿಕೆ ಬುಟ್ಟಿಯನ್ನು ನೆಲಕ್ಕೆ ಸುರಿದು ಒಂದೊಂದನ್ನೇ ಅದರೊಳಗೆ ಬಿಟ್ಟು ನೋಡಿದೆವು. ಪ್ಲಾಸ್ಟಿಕ್ ಕಾರಿನ ಗಾಲಿ ಇಳಿಯಿತು. ಗೊಂಬೆಯ ಕಾಲಿನ ಷೂ ಇಳಿಯಿತು. ಒತ್ತಿದರೆ ಕೀಚೆನ್ನುವ ರಬ್ಬರ್ ಬಾತುಕೋಳಿಯ ಹೊಟ್ಟೆಯಲ್ಲಿನ ಪೀಪಿ, ಎರಡು ಬೆರಳಲ್ಲಿ ಎಳೆದರೆ ಕಿತ್ತುಬಂದು, ಇಳಿಯಿತು. ಕರಡಿಯ ಕಣ್ಣು ಇಳಿಯಿತು. ಅಡುಗೆ ಸೆಟ್ಟಿನ ಪುಟಾಣಿ ಲೋಟಗಳೆಲ್ಲ ಇಳಿದವು. ಬುಟ್ಟಿಯ ಅರ್ಧದಷ್ಟು ಆಟಿಕೆಗಳನ್ನು ಆ ದಿನ ತೆಗೆದು ಅಂಗನವಾಡಿಯ ದೊಡ್ಡ ಮಕ್ಕಳಿಗೆ ಕೊಟ್ಟೆವು. ಕೆಲವನ್ನು ಯಾರಿಗೂ ಕೊಡದೆ ಎಸೆದೆವು.

ನಮ್ಮ ಹಳೆಯ ಆಟದ ಸಾಮಾನುಗಳೆಲ್ಲ ಒಳ್ಳೆಯವು ಎಂದು ನಾನು ಹೇಳುವುದಿಲ್ಲ. ಅಳಗುಳಿ ಮಣೆಗೆ ಹಾಕುವ ಹುಣಸೆ ಬೀಜ, ಕವಡೆ, ಗೋಲಿ, ಇವೆಲ್ಲ ಅಕ್ಕ ಅಣ್ಣಂದಿರಿಗೆ. ಗುಲಗಂಜಿಯಂತೂ ಮನೆಯೊಳಗೇ ಬೇಡ. ಕೆಂಪು ಮೈ, ಕಪ್ಪು ಚುಕ್ಕೆ ಎಂದು ಗೊಂಬೆಗೆ ಕಣ್ಣು ಮಾಡುತ್ತಾರೆ, ಗಿಲಕಿಯೊಳಗೆ ತುಂಬುತ್ತಾರೆ. ಜಗಿದು ನುಂಗಿದರೆ ಅದು ಕಡು ವಿಷ. ಇನ್ನು ಹೂದಾನಿಗೆಂದು ಮಾರುವ, ನೀರಿನಲ್ಲಿ ಹಾಕಿದರೆ ಊದುವ ಬಣ್ಣದ ಜೆಲ್ ಗುಂಡುಗಳು ಹೊಟ್ಟೆಯೊಳಗೂ ಹಾಗೆಯೇ ಊದಿ ಕರುಳಿಗೆ ಅಡ್ಡ ನಿಲ್ಲುತ್ತವೆ. ಬಲವಾದ ಪುಟ್ಟ ಅಯಸ್ಕಾಂತಗಳನ್ನು ಎರಡು ನುಂಗಿದರೆ ಕರುಳಿನ ಎರಡು ಸುರುಳಿಗಳನ್ನು ನಡುವೆ ಹಿಡಿದು ತೂತು ಮಾಡುತ್ತವೆ. ಒಂದು ಗೇಣಿಗಿಂತ ಉದ್ದದ ದಾರ ಕಟ್ಟಿದ ಎಳೆಯುವ ಗಾಡಿಯನ್ನು ಯಾರೂ ನೋಡದಿರುವಾಗ ಕೊಡಬಾರದು, ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ.

ಈಗ ಕಾಗದಪತ್ರದ ವಿಷಯ, ಪಿಡಿಒ ಅವರಿಗೆ ಇದು ಬೇಕಾಗುತ್ತದೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಸಾಮಾನ್ಯ ಆಟಿಕೆಗಳಿಗೆ ಐಎಸ್ 9873, ವಿದ್ಯುತ್ತಿನಿಂದ ನಡೆಯುವವಕ್ಕೆ ಐಎಸ್ 15644 ಎಂಬ ಮಾನಕಗಳಿವೆ. ಚೂಪು ಅಂಚು, ಕಿತ್ತುಬರುವ ತುಂಡು, ಬಣ್ಣದಲ್ಲಿನ ಸೀಸ ಇವೆಲ್ಲವನ್ನೂ ಅಲ್ಲಿ ಪರೀಕ್ಷಿಸುತ್ತಾರೆ. ಪೊಟ್ಟಣದ ಮೇಲೆ ಐಎಸ್‌ಐ ಎಂದು ಅಚ್ಚಾಗಿದ್ದ ಮಾತ್ರಕ್ಕೆ ನಂಬಬೇಡಿ, ಅದರ ಕೆಳಗೆ ಪರವಾನಗಿ ಸಂಖ್ಯೆ ಇರಬೇಕು. ಆ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಪರವಾನಗಿ, ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಅಂಗಡಿಯಲ್ಲಿ ನಿಂತೇ ನೋಡಬಹುದಾದ ಕೆಲಸ.

ಗುರುತು ಇದ್ದರೂ ವಯಸ್ಸು ನೋಡಬೇಕು. ಐದು ವರ್ಷದವರಿಗೆಂದು ಮಾಡಿದ ಆಟಿಕೆಗೆ ಐಎಸ್‌ಐ ಇದ್ದರೂ ಒಂದೂವರೆ ವರ್ಷದ ಕೂಸಿಗೆ ಅದು ಅಪಾಯವೇ. ಪೊಟ್ಟಣದ ಮೇಲೆ ಒಂದು ವೃತ್ತ, ಅದರೊಳಗೆ ಮಗುವಿನ ಮುಖ ಮತ್ತು 0-3 ಎಂಬ ಅಂಕಿ, ಅಡ್ಡಲಾಗಿ ಒಂದು ಗೆರೆ ಇರುತ್ತದೆ. ಮೂರು ವರ್ಷದೊಳಗಿನವರಿಗೆ ಬೇಡ ಎಂಬುದು ಅದರ ಅರ್ಥ. ಆ ಚಿತ್ರದ ಪಕ್ಕದ ಎಚ್ಚರಿಕೆ ಇಂಗ್ಲಿಷಿನಲ್ಲಿರುತ್ತದೆ. ನಮ್ಮ ಆರೈಕೆದಾರರಲ್ಲಿ ಕೆಲವರು ಏಳನೆಯ ತರಗತಿ ಓದಿದವರು. ಹೀಗಾಗಿ ಸಾಮಾನು ಕೇಂದ್ರಕ್ಕೆ ಬಂದ ದಿನವೇ ಆ ಚಿತ್ರ ಏನು ಹೇಳುತ್ತದೆ ಎಂಬುದನ್ನು ಅವರಿಗೆ ತೋರಿಸಿಕೊಡುವ ಹೊಣೆ ಕೊಂಡವರದು. ಹೇಗೂ ಪೊಟ್ಟಣ ಬಿಚ್ಚಿ ಎಸೆದ ಮೇಲೆ ಆ ಚಿತ್ರವೂ ಹೋಯಿತು.

ಬ್ಯಾಟರಿ ಆಟಿಕೆಯ ಬಗ್ಗೆ ಇನ್ನೊಂದು ಮಾತಿದೆ, ಅದು ಅಪಾಯದ್ದಲ್ಲ. ಅಮೆರಿಕದ ನಾರ್ದರ್ನ್ ಅರಿಜೋನ ವಿಶ್ವವಿದ್ಯಾಲಯದ ಒಂದು ಅಧ್ಯಯನದ ವಿಷಯವನ್ನು ನನ್ನ ಮಗಳು ಓದಿ ಹೇಳಿದಳು. 10ರಿಂದ 16 ತಿಂಗಳ 26 ಮಕ್ಕಳಿಗೆ ಅವರವರ ಮನೆಯಲ್ಲೇ ಮೂರು ಬಗೆಯ ಸಾಮಾನು ಕೊಟ್ಟರು. ಒಂದು, ಹಾಡುವ ಮಾತಾಡುವ ಆಟಿಕೆಗಳು, ಅದರಲ್ಲೂ ಆಟದ ಮೊಬೈಲ್ ಫೋನ್ ಇತ್ತಂತೆ. ಎರಡನೆಯದು, ಮರದ ಜೋಡಣೆ ಆಟ ಮತ್ತು ಘನಾಕೃತಿಗಳು. ಮೂರನೆಯದು, ದಪ್ಪ ಹಾಳೆಯ ಪುಸ್ತಕಗಳು. ಹಾಡುವ ಆಟಿಕೆ ಮುಂದಿದ್ದಾಗ ದೊಡ್ಡವರು ಮಗುವಿನ ಜೊತೆ ಆಡಿದ ಮಾತುಗಳೇ ಕಡಿಮೆಯಾದವು, ಮಗು ಸದ್ದು ಮಾಡಿ ಉತ್ತರ ಕೊಟ್ಟಿದ್ದೂ ಕಡಿಮೆಯಾಯಿತು. ಪುಸ್ತಕ ಹಿಡಿದಾಗ ಮಾತು ಎಲ್ಲಕ್ಕಿಂತ ಹೆಚ್ಚು. ಕೇಳಿ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಕೇಂದ್ರದಲ್ಲಿ ಫೋನು ಹಾಡುತ್ತಿದ್ದಷ್ಟು ಹೊತ್ತು ಆರೈಕೆದಾರ ಹುಡುಗಿಯರು ಸುಮ್ಮನಿರುತ್ತಿದ್ದರು. ಆಟಿಕೆ ಮಾತಾಡಿದರೆ ಮನುಷ್ಯರು ಏಕೆ ಮಾತಾಡಬೇಕು? ಅದೇ ಒಂದು ಬಟ್ಟೆ ಚೆಂಡು ಕೊಟ್ಟರೆ 'ಬಂತು ನೋಡು, ಹಿಡಿ, ಅಯ್ಯೋ ಎಲ್ಲಿ ಹೋಯಿತು, ಬೀರು ಕೆಳಗೆ ಹೋಯಿತಾ' ಎಂದು ಹತ್ತು ಮಾತು ಹುಟ್ಟುತ್ತದೆ. ಕೂಲಿ ಮುಗಿಸಿ ದಣಿದು ಬರುವ ತಾಯಿಗೆ ರಾತ್ರಿ ಕೂಸಿನ ಜೊತೆ ಮಾತಾಡಲು ಎಷ್ಟು ಹೊತ್ತು ಸಿಕ್ಕೀತು? ಹಗಲಿನ ಮಾತು ಅದಕ್ಕೆ ಸಿಗುವುದು ಕೂಸಿನ ಮನೆಯಲ್ಲೇ. ಅದನ್ನು ಬ್ಯಾಟರಿಯ ಕೈಗೆ ಕೊಡಬೇಡಿ. ದಾನಿಗಳು ಟಿವಿ ಕೊಡುತ್ತೇವೆಂದು ಮುಂದೆ ಬಂದರೆ ಕೈಮುಗಿದು ಬೇಡವೆನ್ನಿ. ಎರಡು ವರ್ಷದೊಳಗಿನವರನ್ನು ಪರದೆಯ ಮುಂದೆ ಕೂರಿಸಲೇಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಹಾಗಾದರೆ ಏನು ಕೊಳ್ಳಬೇಕು ಎಂದು ನೀವು ಕೇಳುತ್ತೀರಿ. ಕಡಿಮೆ ಕೊಳ್ಳಿ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 18ರಿಂದ 30 ತಿಂಗಳ 36 ಮಕ್ಕಳನ್ನು ನೋಡಿ 2018ರಲ್ಲಿ ಪ್ರಕಟಿಸಿದ್ದು ಇದನ್ನೇ. ಮುಂದೆ 16 ಆಟಿಕೆ ಇಟ್ಟಾಗ ಮಗು ಒಂದರಿಂದ ಒಂದಕ್ಕೆ ಹಾರಿತು. ನಾಲ್ಕೇ ಇಟ್ಟಾಗ ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿತು. ಇದ್ದದ್ದನ್ನೆಲ್ಲ ಒಮ್ಮೆಗೇ ಸುರಿಯದೆ ನಾಲ್ಕು ಹೊರಗಿಟ್ಟು ಉಳಿದದ್ದನ್ನು ಬುಟ್ಟಿಯಲ್ಲಿಟ್ಟು, ವಾರಕ್ಕೊಮ್ಮೆ ಬದಲಿಸಿದರೆ ಹಳೆಯದೂ ಹೊಸದಾಗುತ್ತದೆ.

ಎಲ್ಲವನ್ನೂ ಅಂಗಡಿಯಿಂದಲೇ ತರಬೇಕೆಂದೂ ಇಲ್ಲ. ಕಳೆದ ವರ್ಷ ನಾನು ನಮ್ಮ ಅತ್ತೆಯವರ ಕಾಲದ ಹಿತ್ತಾಳೆ ಅಳತೆಗಳನ್ನು ಹುಣಸೆಹಣ್ಣು ಹಾಕಿ ಬೆಳಗಿ ಕೇಂದ್ರಕ್ಕೆ ಕೊಂಡೊಯ್ದೆ. ಸೇರು, ಅಚ್ಚೇರು, ಪಾವು, ಅರೆಪಾವು. ಅಂಚು ದುಂಡಗಿವೆ, ಒಡೆಯುವುದಿಲ್ಲ, ನುಂಗುವಂತಿಲ್ಲ. ಒಂದೂವರೆ ವರ್ಷದ ಒಂದು ಗಂಡುಕೂಸು ಅವುಗಳ ಮುಂದೆ ಕುಳಿತಿತು. ಮೊದಲು ಪಾವನ್ನು ತೆಗೆದು ನೆಲಕ್ಕೆ ಕುಟ್ಟಿ ಸದ್ದು ಕೇಳಿತು. ಬಾಯಿಗೆ ಒತ್ತಿಕೊಂಡು ಅದರೊಳಗೆ 'ಆ' ಎಂದಿತು. ಸದ್ದು ಗುಂಯ್ ಎಂದು ಮರಳಿ ಬಂದಾಗ ಬೆಚ್ಚಿ ನನ್ನ ಮುಖ ನೋಡಿತು, ಮತ್ತೆ 'ಆ' ಎಂದಿತು. ಆಮೇಲೆ ಸೇರನ್ನು ಪಾವಿನೊಳಗೆ ಇಳಿಸಲು ಹೊರಟಿತು. ಹೋಗಲಿಲ್ಲ. ತಿರುಗಿಸಿತು, ಒತ್ತಿತು, ಮೇಲೆ ಕೂತು ಅದುಮಿತು. ಪಕ್ಕದಲ್ಲಿದ್ದ ಹುಡುಗಿ ತೋರಿಸಿಕೊಡಲು ಕೈ ಚಾಚಿದಳು, ನಾನು ಅವಳ ಕೈ ಹಿಡಿದುಕೊಂಡೆ. ಎಷ್ಟೋ ಹೊತ್ತಾದ ಮೇಲೆ ಕೂಸು ಸೇರನ್ನು ಬಿಟ್ಟು ಪಾವನ್ನು ಎತ್ತಿ ಸೇರಿನೊಳಗೆ ಬಿಟ್ಟಿತು. ಟಣ್ ಎಂದಿತು. ಬಗ್ಗಿ ಒಳಗೆ ನೋಡಿತು. ಅದರ ಮುಖದಲ್ಲಿ ಆಗ ಕಂಡದ್ದನ್ನು ನಾನು ಬರೆದು ತಿಳಿಸಲಾರೆ. ಆ ದಿನ ಮಧ್ಯಾಹ್ನದ ನಿದ್ದೆಯವರೆಗೂ ಪಾವನ್ನು ತೆಗೆದು ಹಾಕಿ, ತೆಗೆದು ಹಾಕಿ ಆಡಿತು. ದೊಡ್ಡದರಲ್ಲಿ ಚಿಕ್ಕದು ಹಿಡಿಯುತ್ತದೆ, ಚಿಕ್ಕದರಲ್ಲಿ ದೊಡ್ಡದು ಹಿಡಿಯುವುದಿಲ್ಲ ಎಂಬುದನ್ನು ಯಾರೂ ಅದಕ್ಕೆ ಹೇಳಿಕೊಡಲಿಲ್ಲ.

ಹೀಗೆಯೇ ಸ್ಟೀಲ್ ಬಟ್ಟಲು, ಮರದ ಸೌಟು, ಸಿಬಿರು ಏಳದ ಬಿದಿರು ಬುಟ್ಟಿ, ಹಳೆಯ ಹತ್ತಿ ಸೀರೆಯ ತುಂಡು, ಮುಚ್ಚಳ ಬಿಗಿದು ಅಂಟಿಸಿದ ಡಬ್ಬಿ. ಇವನ್ನು ತಂದುಕೊಡಲು ತಾಯಂದಿರೇ ಸಿದ್ಧರಿದ್ದಾರೆ. ಅವರನ್ನು ಕೇಳುವುದಷ್ಟೇ ಬಾಕಿ.

ಕೊಂಡು ತರುವುದಾದರೆ ಚನ್ನಪಟ್ಟಣದ ಆಟಿಕೆ ಕೊಳ್ಳಿ ಎಂದು ಆಸೆಯಿಂದ ಕೇಳುತ್ತೇನೆ. ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸಿ, ಉಳಿ ಹಿಡಿದು ದುಂಡಗೆ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ, ಮೇಲೆ ತಾಳೆಗರಿ ಒತ್ತಿದರೆ ಹೊಳಪು ಬರುತ್ತದೆ. ಮೂಲೆ ಇಲ್ಲ, ಮೊಳೆ ಇಲ್ಲ, ಕುಂಚದಲ್ಲಿ ಬಳಿದ ಬಣ್ಣದ ಹಾಗೆ ಹಕ್ಕಳೆ ಏಳುವುದು ಕಡಿಮೆ. ದಪ್ಪ ಬಳೆಗಳನ್ನು ಗೂಟಕ್ಕೆ ಏರಿಸುವ ಆಟಿಕೆ, ಒಳಗೆ ಬಳೆ ಆಡುವ ಗಿಲಕಿ, ತಳ್ಳುವ ಬಂಡಿ, ಇವು ಈ ವಯಸ್ಸಿಗೆ ಹೇಳಿ ಮಾಡಿಸಿದ ಹಾಗಿವೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ವಾಹನಗಳು ಊರ ಹೊರಗೇ ಹಾದುಹೋಗುತ್ತಿವೆ, ಹಳೆಯ ರಸ್ತೆಯ ಆಟಿಕೆ ಅಂಗಡಿಗಳ ಮುಂದೆ ಮೊದಲಿನ ಜನವಿಲ್ಲ. ಸಾವಿರಾರು ಕೂಸಿನ ಮನೆಗಳ ಖರೀದಿ ಆ ಕುಶಲಕರ್ಮಿಗಳ ಕೈಗೆ ಹೋದರೆ ಅವರ ಲೇತು ತಿರುಗುತ್ತದೆ, ನಮ್ಮ ಮಕ್ಕಳಿಗೆ ಒಳ್ಳೆಯ ಆಟಿಕೆ ಸಿಗುತ್ತದೆ.

ಇಲ್ಲಿ ಲೆಕ್ಕಪರಿಶೋಧನೆಯವರು 'ಐಎಸ್‌ಐ ಗುರುತು ಎಲ್ಲಿ' ಎಂದು ಕೇಳಿಯಾರು ಎಂಬ ಅಂಜಿಕೆ ಪಿಡಿಒ ಅವರಿಗೆ ಬರಬಹುದು. ಕೇಂದ್ರ ಸರ್ಕಾರದ ಕರಕುಶಲ ಅಭಿವೃದ್ಧಿ ಆಯುಕ್ತರ ಬಳಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೆ ಮತ್ತು ಭೌಗೋಳಿಕ ಸೂಚಕ (ಒಂದು ಊರಿನ ಹೆಸರಿನ ಸರಕಿಗೆ ಸಿಗುವ ಜಿಐ) ಮಾನ್ಯತೆ ಪಡೆದ ನೋಂದಾಯಿತ ಉತ್ಪನ್ನಗಳಿಗೆ 2020ರಲ್ಲೇ ಐಎಸ್‌ಐ ಕಡ್ಡಾಯದ ಆದೇಶದಿಂದ ವಿನಾಯಿತಿ ಸಿಕ್ಕಿದೆ. ಚನ್ನಪಟ್ಟಣದ ಆಟಿಕೆಗೆ ಆ ಮಾನ್ಯತೆ ಇದೆ. ಮಾರುವವರ ನೋಂದಣಿ ಪತ್ರದ ಒಂದು ಪ್ರತಿಯನ್ನು ಬಿಲ್ಲಿನ ಜೊತೆ ಇಟ್ಟುಕೊಂಡರೆ ಆಕ್ಷೇಪಣೆಗೆ ಉತ್ತರ ಸಿದ್ಧವಿರುತ್ತದೆ. ಆದರೆ ವಿನಾಯಿತಿ ಇದೆ ಎಂದು ಕಣ್ಣುಮುಚ್ಚಿ ಕೊಳ್ಳಬೇಡಿ. ಚನ್ನಪಟ್ಟಣದ ಹೆಸರಲ್ಲಿ ಬೇರೆ ಕಡೆಯ ಬಣ್ಣ ಬಳಿದ ಸಾಮಾನೂ ಬರಬಹುದು. ಅಲ್ಲಿಯದೇ ಆದರೂ ಮಣಿ ಸರ, ಪುಟ್ಟ ಬುಗುರಿ, ಚದುರಂಗದ ಕಾಯಿ ನಮ್ಮ ಮಕ್ಕಳಿಗಲ್ಲ, ಪೈಪಿನ ತುಂಡನ್ನು ಅಲ್ಲಿಗೂ ಒಯ್ಯಿರಿ. ತಂದ ಮೇಲೆ ಅರಗಿನ ಆಟಿಕೆಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ನೆನೆಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಬೇಕು.

ವಾಕರ್ ಮಾತ್ರ ತರಲೇಬೇಡಿ. ನಡುವೆ ಕೂಸನ್ನು ಕೂರಿಸಿ ಸುತ್ತ ಗಾಲಿ ಇರುವ ಆ ಪ್ಲಾಸ್ಟಿಕ್ ಚಕ್ರದಿಂದ ಮಗು ಬೇಗ ನಡೆಯುತ್ತದೆ ಎಂಬ ನಂಬಿಕೆ ಬೇರೂರಿಬಿಟ್ಟಿದೆ. ಅದರಲ್ಲಿ ಮಗು ತುದಿಗಾಲಲ್ಲಿ ನೆಲ ಒದೆಯುತ್ತದೆ, ತನ್ನ ಭಾರ ತಾನು ಹೊರುವುದನ್ನು ಕಲಿಯುವುದಿಲ್ಲ. ನಮ್ಮ ಕಟ್ಟಡಗಳಿಗೆ ಹೊಸಿಲಿದೆ, ಜಗಲಿಯಿದೆ, ಮೆಟ್ಟಿಲಿದೆ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಉರುಳಿಬಿಡುತ್ತದೆ. ಕೆನಡಾ ದೇಶ 2004ರಲ್ಲೇ ಇವುಗಳ ಮಾರಾಟವನ್ನು ನಿಷೇಧಿಸಿತು. ನಡೆಯಲು ಕಲಿಯುವ ಕೂಸಿಗೆ ಎದ್ದು ನಿಂತು ತಳ್ಳುವ ಮೂರು ಗಾಲಿಯ ಮರದ ಗಾಡಿ ಸಾಕು, ಅದನ್ನು ನಿಮ್ಮೂರಿನ ಬಡಗಿಯೇ ಮಾಡಿಕೊಡುತ್ತಾನೆ.

ಇನ್ನು ಬೀರುವಿನ ವಿಷಯ. ನನ್ನ ಮನಸ್ಸಿಗೆ ಅತಿ ಹತ್ತಿರದ ಮಾತು ಇದು, ನನ್ನ ತಪ್ಪೂ ಇದರಲ್ಲಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಪೆಟ್ಟಿಗೆ ಆಟಿಕೆ ಬಂತು. ದಾಸ್ತಾನು ವಹಿಯಲ್ಲಿ ಒಂದೊಂದನ್ನೂ ಬರೆದುಕೊಂಡೆ. ಒಡೆದರೆ ಯಾರು ಉತ್ತರ ಕೊಡುವುದು ಎಂಬ ಹೆದರಿಕೆಯಿಂದ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ತಪಾಸಣೆಗೆ ಬಂದವರ ಮುಂದೆ ತೆಗೆದು ಜೋಡಿಸುತ್ತಿದ್ದೆ, ಅವರು ಹೋದ ಮೇಲೆ ಒಳಗಿಡುತ್ತಿದ್ದೆ. ಮಕ್ಕಳು ಬೀರುವಿನ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಎರಡು ವರ್ಷ ಕಳೆದ ಮೇಲೆ ತೆಗೆದು ನೋಡಿದರೆ ಇಲಿ ಗೊಂಬೆಯ ಹೊಟ್ಟೆ ಬಗೆದಿತ್ತು. ಆ ಮಕ್ಕಳು ಆ ಹೊತ್ತಿಗೆ ಶಾಲೆಗೆ ಹೋಗಿಯಾಗಿತ್ತು. ಈಗಲೂ ಎಷ್ಟೋ ಕಡೆ ಹೀಗೆಯೇ ನಡೆಯುತ್ತಿದೆ, ನಾನು ಹೋದ ಮೂರು ಕೂಸಿನ ಮನೆಗಳ ಪೈಕಿ ಒಂದರಲ್ಲಿ ಆಟಿಕೆಗಳು ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಬೀರುವಿನ ಮೇಲೆ ಕುಳಿತಿದ್ದವು. ತಪ್ಪು ಆ ಆರೈಕೆದಾರ ಹೆಣ್ಣುಮಗಳದ್ದಲ್ಲ. ದಿನಗೂಲಿಯ ಹೆಣ್ಣುಮಗಳಿಗೆ ಒಡೆದ ಆಟಿಕೆಯ ಲೆಕ್ಕ ಕೇಳಿದರೆ ಅವಳು ಬೀಗ ಹಾಕದೆ ಏನು ಮಾಡಿಯಾಳು?

ಆದ್ದರಿಂದ ಮುಂದಿನ ಸಾಮಾನ್ಯ ಸಭೆಯಲ್ಲಿ ಒಂದು ನಿರ್ಣಯ ಮಾಡಿ. ಕೂಸಿನ ಮನೆಯ ಆಟಿಕೆಗಳು ಸವೆಯುವ ಸಾಮಗ್ರಿ, ಮಕ್ಕಳು ಆಡಿ ಒಡೆದದ್ದನ್ನು ಆರೈಕೆದಾರರ ಸಹಿಯ ಮೇಲೆ ದಾಸ್ತಾನಿನಿಂದ ತೆಗೆಯಬಹುದು, ಯಾರಿಂದಲೂ ವಸೂಲಿ ಮಾಡುವಂತಿಲ್ಲ ಎಂದು ಬರೆಯಿರಿ. ಬಿರುಕು ಬಿಟ್ಟ ಆಟಿಕೆಯನ್ನು ಲೆಕ್ಕ ಸರಿಯಾಗಲೆಂದು ಮಕ್ಕಳ ನಡುವೆ ಇಟ್ಟುಕೊಳ್ಳುವುದು ಎಸೆಯುವುದಕ್ಕಿಂತ ದೊಡ್ಡ ತಪ್ಪು, ಒಡೆದ ಪ್ಲಾಸ್ಟಿಕ್ಕಿನ ಅಂಚು ಬ್ಲೇಡಿನಂತಿರುತ್ತದೆ. ಆಟಿಕೆ ಆರಿಸಲು ಹೋಗುವಾಗ ಆರೈಕೆದಾರರಲ್ಲಿ ಒಬ್ಬರನ್ನು ಜೊತೆಗೆ ಕರೆದೊಯ್ಯುತ್ತೇವೆ ಎಂದೂ ಅದೇ ನಿರ್ಣಯದಲ್ಲಿ ಸೇರಿಸಿ, ಆ ದಿನದ ಕೂಲಿ ಅವರಿಗೆ ತಪ್ಪದಿರಲಿ. ಮಗುವಿಗೆ ಏನಾದರೂ ಗಂಟಲಿಗೆ ಸಿಕ್ಕಿಕೊಂಡಾಗ ಏನು ಮಾಡಬೇಕೆಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರಿಂದ ಎಲ್ಲ ಆರೈಕೆದಾರರಿಗೂ ಕೈಯಲ್ಲಿ ಮಾಡಿಸಿ ಕಲಿಸಿ. ವರ್ಷದೊಳಗಿನ ಕೂಸಿಗೆ ಒಂದು ಬಗೆ, ವರ್ಷ ತುಂಬಿದವರಿಗೆ ಇನ್ನೊಂದು ಬಗೆ. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ತಡಕಾಡಬಾರದು ಎಂಬುದನ್ನಂತೂ ಎಲ್ಲರೂ ತಿಳಿದಿರಬೇಕು.

ಖರೀದಿಗೆ ಮೊದಲು ನೀವೂ ಒಂದು ದಿನ ನಿಮ್ಮೂರಿನ ಕೂಸಿನ ಮನೆಗೆ ಬನ್ನಿ. ಫೋಟೊದವರು ಬೇಡ, ಹಾರ ಬೇಡ. ಕುರ್ಚಿ ಹಾಕಿಸಿಕೊಳ್ಳದೆ ಜಮಖಾನದ ಮೇಲೆ ಅರ್ಧ ಗಂಟೆ ಕುಳಿತುಕೊಳ್ಳಿ. ಮೊದಲು ಮಕ್ಕಳು ಅಳುತ್ತಾರೆ, ಆಮೇಲೆ ಒಂದೊಂದೇ ಹತ್ತಿರ ಬಂದು ನಿಮ್ಮ ಕೈಗಡಿಯಾರ, ಪೆನ್ನು, ಕನ್ನಡಕ ಎಳೆಯುತ್ತವೆ, ಬಾಯಿಗೆ ಹಾಕುತ್ತವೆ. ಮಧ್ಯಾಹ್ನ ಊಟವಾದ ಮೇಲೆ ಮಕ್ಕಳು ಮಲಗಿಬಿಡುತ್ತಾರೆ, ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಬಂದರೆ ಎಲ್ಲರೂ ಎಚ್ಚರವಾಗಿರುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ,
ಮದ್ದೂರು ತಾಲ್ಲೂಕು